ಮನೆ ಬದಲಿಸಿದ ದಿನ ನಾನು ಕುರ್ಚಿಯಲ್ಲಿ ಕೂತದ್ದು

ಆ ದಿನ ಮಾಡಿದ ಕೆಲಸಗಳು ಇಷ್ಟು. ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿ, ಬಿಟ್ಟುಹೋಗುವ ಮನೆಯಾದರೂ ಎಂದಿನಂತೆ ರಂಗೋಲಿ ಬಿಟ್ಟೆ. ಹಾಲು ಕಾಯಿಸಿ ಕಾಫಿ ಸೋಸಿದೆ. ಅತ್ತೆಗೆ ಬಿಪಿ ಮಾತ್ರೆ ಕೊಟ್ಟು, ಉಳಿದ ಮಾತ್ರೆಗಳನ್ನು ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಅವಲಕ್ಕಿ ಒಗ್ಗರಣೆ ಮಾಡಿ, ತಿಂದಾದ ಮೇಲೆ ಬಾಣಲೆ ತೊಳೆದು ಒರೆಸಿದೆ. ಹೂವಿನವಳಿಗೆ ನಾಳೆಯಿಂದ ಬೇಡಮ್ಮ ಎಂದು ಹೇಳಿ, ಅವಳು ಸುಮ್ಮನೆ ಕೊಟ್ಟ ಒಂದು ಮೊಳ ಕನಕಾಂಬರ ಮುಡಿದುಕೊಂಡೆ. ದೇವರ ಪಟ, ದೀಪ, ಉಪ್ಪು, ಅರಿಶಿನ, ಒಂದು ತಂಬಿಗೆ ಇಷ್ಟನ್ನು ಬಟ್ಟೆಚೀಲದಲ್ಲಿ ಬೇರೆ ಇಟ್ಟೆ. ಕರೆಂಟ್ ಮೀಟರಿನ ಅಂಕಿ ಬರೆದುಕೊಂಡೆ. ಆಮೇಲೆ ಸಂಜೆಯ ತನಕ ಏನೂ ಮಾಡಲಿಲ್ಲ.

ಈ ಕೊನೆಯ ಸಾಲು ಬರೆಯುವಾಗ ಈಗಲೂ ನಗು ಬರುತ್ತದೆ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅದುವರೆಗೆ ಐದು ಬಾಡಿಗೆ ಮನೆ ಬದಲಿಸಿದ್ದೆವು. ಐದು ಸಲವೂ ಅಡುಗೆಮನೆ ಕಟ್ಟಿದವಳು ನಾನು, ಬಿಚ್ಚಿದವಳೂ ನಾನೇ. ಹಾಗಾಗಿ ಆರನೆಯ ಸಲಕ್ಕೆ ನನಗೆ ಒಂದೇ ಒಂದು ಆಸೆಯಿತ್ತು. ನಮ್ಮ ಸಾಮಾನನ್ನು ಬೇರೆ ಯಾರೋ ಕಟ್ಟುತ್ತಿರಬೇಕು, ನಾನು ಕುರ್ಚಿಯ ಮೇಲೆ ಕೂತು ನೋಡಬೇಕು. ಕೈಯಲ್ಲಿ ಇನ್ನೊಬ್ಬರು ಮಾಡಿದ ಕಾಫಿಯೋ ಟೀಯೋ ಇದ್ದರೆ ಇನ್ನೂ ಒಳ್ಳೆಯದು. ಬೇರೆ ಹೆಂಗಸರು ಕಾಶಿಗೋ ಸಿಂಗಪುರಕ್ಕೋ ಹೋಗಬೇಕು ಅನ್ನುತ್ತಾರೆ. ನನಗೆ ಇಷ್ಟು ಸಾಕಿತ್ತು.

ಆರ್.ಟಿ. ನಗರದ ಆ ಮನೆ ಎರಡನೆಯ ಮಹಡಿಯಲ್ಲಿತ್ತು. ಅತ್ತೆಯ ಮಂಡಿ ಮೆಟ್ಟಿಲನ್ನು ಒಪ್ಪದೆ ವರ್ಷವಾಗಿತ್ತು. ಶೆಟ್ಟಿಹಳ್ಳಿಯಲ್ಲಿ ನೆಲಮಹಡಿಯ ಮನೆ ಸಿಕ್ಕಿತು, ಪೀಣ್ಯದ ಕಾರ್ಖಾನೆಗೆ ಹೋಗಿಬರುವ ನಮ್ಮ ಯಜಮಾನರಿಗೂ ಹತ್ತಿರ. ಅಲ್ಲಿಯವರೆಗೆ ಯಾರಿಗೂ ತಕರಾರಿರಲಿಲ್ಲ. ಸಾಮಾನು ಹೇಗೆ ಸಾಗಿಸುವುದು ಎಂಬಲ್ಲಿ ಶುರುವಾಯಿತು.

ಯಜಮಾನರು ಆ ಕಾರ್ಖಾನೆಯ ಡಿಸ್ಪ್ಯಾಚ್ ಸೆಕ್ಷನ್ನಿನಲ್ಲಿದ್ದಾರೆ. ಮಶೀನುಗಳನ್ನು ಮರದ ಪೆಟ್ಟಿಗೆಗಳಲ್ಲಿ ಕೂರಿಸಿ, ಪಟ್ಟಿ ಬಿಗಿದು, ಲಾರಿಗೆ ಏರಿಸುವುದು ಅವರ ಕೆಲಸ. ಅಂಥವರ ಮನೆಯ ಸಾಮಾನು ಕಟ್ಟಲು ಹೊರಗಿನವರು ಬರುವುದೆಂದರೆ, ಅಡುಗೆಭಟ್ಟರ ಮನೆಗೆ ಹೋಟೆಲಿನಿಂದ ಊಟ ತರಿಸಿದ ಹಾಗೆ. ಒಂದು ಭಾನುವಾರ, ಸೆಕ್ಷನ್ನಿನ ಆರು ಜನ, ಎರಡು ಲಗೇಜ್ ಆಟೋ, ಮಧ್ಯಾಹ್ನದೊಳಗೆ ಕೆಲಸ ಮುಗಿದಿರುತ್ತದೆ ಎಂದರು. ಗೋದ್ರೆಜ್ ಬೀರು ಮೊದಲಾ, ಫ್ರಿಜ್ ಮೊದಲಾ ಎಂದು ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಚಿತ್ರವನ್ನೂ ಬರೆದರು.

ಆ ಆರು ಜನ ನನಗೆ ಗೊತ್ತು. ಬಂಗಾರದಂಥ ಮನುಷ್ಯರು. ಯಶವಂತಪುರದಿಂದ ಆರ್.ಟಿ. ನಗರಕ್ಕೆ ಬಂದಾಗ ಅವರೇ ಬಂದಿದ್ದರು. ಪಾಪ, ಪುಕ್ಕಟೆ ಸಹಾಯಕ್ಕೆ ಬಂದವರಿಗೆ ಊಟ ಹಾಕದೆ ಕಳಿಸುವುದು ಹೇಗೆ? ಅವರಿಗೆ ಬಿಸಿಬೇಳೆಬಾತ್ ಮಾಡಲು ನಾನು ಕಟ್ಟಿಟ್ಟ ಅಡುಗೆಮನೆಯನ್ನು ಬಿಚ್ಚಿದೆ. ಬೇಳೆ ಒಂದು ಗಂಟಿನಲ್ಲಿ, ಕುಕ್ಕರು ಇನ್ನೊಂದರಲ್ಲಿ, ಅದರ ವಿಷಲ್ಲು ಆಗಲೇ ಆಟೋ ಹತ್ತಿ ಹೊರಟುಹೋಗಿತ್ತು. ಅವರು ಉಂಡು ಕೈ ತೊಳೆದ ಮೇಲೆ ಮತ್ತೆ ಪಾತ್ರೆ ಬೆಳಗಿ, ಮತ್ತೆ ಕಟ್ಟಿದೆ. ಇದನ್ನು ನೆನಪಿಸಿದಾಗ ಯಜಮಾನರು, ಬಾತ್ ಮಾತ್ರ ಬಹಳ ಚೆನ್ನಾಗಿತ್ತು ಎಂದರು.

ನಾನು ಜಗಳವಾಡುವವಳಲ್ಲ. ದಿನಾ ಸಂಜೆ ಕಾಫಿಯ ಲೋಟ ಕೈಗೆ ಕೊಡುವಾಗ, ಸಾಮಾನು ಸಾಗಿಸುವ ಕಂಪನಿಯ ಮೂವರ್ಸ್‌ನವರು ಬಂದರೆ ಹೆಂಗೆ ಅಂತ ಒಂದು ಮಾತು ಸೇರಿಸುತ್ತಿದ್ದೆ. ಹನ್ನೊಂದು ದಿನ ಸೇರಿಸಿದೆ. ಕೊನೆಗೆ ತೀರ್ಪು ಕೊಟ್ಟವರು ಅತ್ತೆ. ಹಿಂದಿನ ಸಲ ಆ ಬಂಗಾರದ ಮನುಷ್ಯರು ಅವರ ಮಂಚದ ಒಂದು ಕಾಲು ಮುರಿದಿದ್ದರು. ಅಂದಿನಿಂದ ಅತ್ತೆ ಮೂರು ಕಾಲು, ಒಂದು ಇಟ್ಟಿಗೆಯ ಮೇಲೆ ಮಲಗುತ್ತಿದ್ದಾರೆ.

“ನಿನ್ನ ಸ್ನೇಹಿತರು ಬರೋದಾದ್ರೆ ಮೊದ್ಲೇ ಹೇಳ್ಬಿಡು,” ಎಂದರು ಮಗನಿಗೆ. “ನನ್ನ ಮಂಚ ನಾನೇ ತಲೆ ಮೇಲೆ ಹೊತ್ಕೊಂಡು ಶೆಟ್ಟಿಹಳ್ಳಿ ತನಕ ನಡ್ಕೊಂಡು ಬರ್ತೀನಿ ಕಣೋ.”

ಮರುದಿನವೇ ಯಜಮಾನರು ಫೋನ್ ಮಾಡಿದರು.

ಕಂಪನಿಯಿಂದ ಒಬ್ಬರು ಮನೆ ನೋಡಲು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮೊಬೈಲು. ರೂಮಿಂದ ರೂಮಿಗೆ ಹೋಗಿ ಎಲ್ಲವನ್ನೂ ಗುರುತು ಹಾಕಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಸುತ್ತು ನೋಡಿ, ಮೊಬೈಲಿನಲ್ಲಿ ಬಹಳ ಹೊತ್ತು ಬರೆದುಕೊಂಡರು. ಹೊರಡುವಾಗ ನನ್ನ ಕಡೆ ತಿರುಗಿ ಹೇಳಿದ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

“ನೀವು ಏನೂ ಮುಟ್ಬೇಡಿ ಮೇಡಂ. ಎಲ್ಲಾ ಹೆಂಗಿದೆಯೋ ಹಂಗೇ ಬಿಟ್ಬಿಡಿ.”

ಇಂಥ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ವಾರವಿಡೀ ಅದನ್ನು ಮನೆಯ ತುಂಬ ಹಾಡಿಕೊಂಡು ಓಡಾಡಿದೆ. ಸೊಪ್ಪಿನವನಿಗೆ ಹೇಳಿದೆ, ರೇಷನ್ ಅಂಗಡಿಯ ಸಾಲಿನಲ್ಲಿ ಹೇಳಿದೆ, ಊರಿಂದ ಫೋನ್ ಮಾಡಿದ ನನ್ನ ತಂಗಿಗೆ ಎರಡು ಸಲ ಹೇಳಿದೆ. ಎದುರು ಮನೆಯ ಆಪಾಗೆ ಹೇಳಿದ್ದಂತೂ ಲೆಕ್ಕವಿಲ್ಲ. ಆಪಾ ಮತ್ತು ನಾವು ಒಂದೇ ಮಹಡಿ, ಬಾಗಿಲಿಗೆ ಬಾಗಿಲು, ಒಂಬತ್ತು ವರ್ಷದ ನೆರೆ. ನಾನು ಅವರನ್ನು ಆಪಾ ಅನ್ನುತ್ತೇನೆ, ಅವರು ನನ್ನನ್ನು ಅಕ್ಕ ಅನ್ನುತ್ತಾರೆ. ಎರಡಕ್ಕೂ ಅರ್ಥ ಒಂದೇ, ಯಾರು ದೊಡ್ಡವರು ಎಂದು ಇಬ್ಬರೂ ಕೇಳಿಕೊಂಡಿಲ್ಲ.

ಮೂವರ್ಸ್ ಬರುವ ಹಿಂದಿನ ದಿನ ಶನಿವಾರ. ಮಧ್ಯಾಹ್ನ ಊಟವಾಗಿ, ಪಾತ್ರೆ ತೊಳೆದು, ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಕಣ್ಣು ಅಟ್ಟದ ಕಡೆ ಹೋಯಿತು. ನಾಳೆ ಯಾರೋ ಅಪರಿಚಿತರು ಏಣಿ ಹತ್ತಿ ಆ ಧೂಳನ್ನು ನೋಡುತ್ತಾರಲ್ಲ ಅನ್ನಿಸಿತು. ಅಟ್ಟ ಒಂದನ್ನು ಒರೆಸೋಣ ಎಂದುಕೊಂಡೆ. ಒರೆಸಬೇಕಾದರೆ ಮೇಲಿನದನ್ನು ಇಳಿಸಬೇಕು. ಇಳಿಸಿದ್ದನ್ನು ಮತ್ತೆ ಯಾಕೆ ಹತ್ತಿಸುವುದು, ಒಂದು ಗೋಣಿಚೀಲಕ್ಕೆ ಹಾಕಿದರಾಯಿತು. ಆಮೇಲೆ ಒಲೆಯ ಪಕ್ಕದ ಡಬ್ಬಗಳು. ಜಿಡ್ಡು ಹಿಡಿದ ಮುಚ್ಚಳಗಳನ್ನು ಹೊರಗಿನವರ ಕೈಗೆ ಕೊಡುವುದಾ? ಅವನ್ನು ಸೀಗೆಪುಡಿ ಹಾಕಿ ಉಜ್ಜಿದೆ, ಒಣಗಿಸಿದೆ, ಒಣಗಿದ ಮೇಲೆ ಹಳೆಯ ಪಂಚೆಯಲ್ಲಿ ಕಟ್ಟಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಒಲೆ, ಒಂದು ಬಾಣಲೆ, ಹಾಲಿನ ಪಾತ್ರೆ, ಕಾಫಿ ಫಿಲ್ಟರು, ನಾಲ್ಕು ಲೋಟ ಬಿಟ್ಟರೆ ಇಡೀ ಅಡುಗೆಮನೆ ಮೂವತ್ತೆರಡು ಗಂಟುಗಳಾಗಿ ಗೋಡೆಗೆ ಒರಗಿ ಕೂತಿತ್ತು.

ತಪ್ಪಿತಸ್ಥಳಂತೆ ಹಾಲಿಗೆ ಬಂದೆ. ರೂಮಿನ ಬಾಗಿಲು ಒಳಗಿಂದ ಹಾಕಿತ್ತು. ತಟ್ಟಿದರೆ ಯಜಮಾನರು ಬೆವರೊರೆಸಿಕೊಳ್ಳುತ್ತ ಅರ್ಧ ಬಾಗಿಲು ತೆರೆದರು. ಹಿಂದೆ ಹದಿನಾಲ್ಕು ರಟ್ಟಿನ ಪೆಟ್ಟಿಗೆ, ಒಂದೊಂದಕ್ಕೂ ಅಡ್ಡಕ್ಕೆರಡು ಉದ್ದಕ್ಕೆರಡು ಪ್ಲಾಸ್ಟಿಕ್ ಪಟ್ಟಿ, ಮೂಲೆಗೆ ರಟ್ಟಿನ ಮಡಿಕೆ, ಮೇಲೆ ನಂಬರು, ಮೇಲ್ಮುಖದ ಬಾಣದ ಗುರುತು. ಬರೀ ಬಟ್ಟೆ, ಪುಸ್ತಕ, ಏನಿಲ್ಲ, ಎಂದರು. ಅತ್ತೆಯ ಮೂಲೆಯಲ್ಲಿ ಹಳೆಯ ಸೀರೆಗಳ ಒಂಬತ್ತು ಮೂಟೆ. ಅತ್ತೆ ಅವುಗಳ ಮೇಲೆ ಕೈ ಇಟ್ಟುಕೊಂಡು ಟಿವಿ ನೋಡುತ್ತಿದ್ದರು.

ಡಿಗ್ರಿ ಓದುವ ಮಗಳು ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಲೇ ನಿಂತುಬಿಟ್ಟಳು. ಏನೂ ಕಟ್ಟದೆ ಇದ್ದದ್ದು ಅವಳೊಬ್ಬಳೇ.

“ಮೂವರ್ಸ್ ನಾಳೆ ಬರ್ತಾರಾ, ಅಥ್ವಾ ನಾವೇ ಮೂವರ್ಸಾ?” ಎಂದು ಕೇಳಿದಳು. ಅತ್ತೆ ಟಿವಿಯ ದನಿ ಜೋರು ಮಾಡಿದರು.

ಭಾನುವಾರ ಒಂಬತ್ತಕ್ಕೆ ಮೂರು ಜನ ಬಂದರು. ಅವರ ಮುಖ್ಯಸ್ಥ ಐವತ್ತು ದಾಟಿದ, ದಪ್ಪ ಮೀಸೆಯ, ಹೆಸರಘಟ್ಟದ ಕಡೆಯ ಮನುಷ್ಯ. ಹೆಗಲ ಮೇಲೆ ಗುಳ್ಳೆ ಪ್ಲಾಸ್ಟಿಕ್ಕಿನ ದೊಡ್ಡ ಸುರುಳಿ. ಒಳಗೆ ಬಂದು ನಮ್ಮ ಗಂಟುಗಳನ್ನು ನೋಡಿ, ಆ ಸುರುಳಿಯನ್ನು ನಿಧಾನವಾಗಿ ಕೆಳಗಿಟ್ಟರು.

“ಇದೇನಮ್ಮಾ ಇಂಗೆ? ಎಲ್ಲಾ ನೀವೇ ಕಟ್ಕಂಡು ಕುಂತಿದೀರಲ್ಲ.”

ಸುಮ್ಮನೆ ಕೈ ಖಾಲಿ ಇತ್ತು, ಅದಕ್ಕೆ, ಎಂದೆ. ಅವರು ತಲೆ ಕೆರೆದುಕೊಂಡು ಕಂಪನಿಯ ನಿಯಮ ವಿವರಿಸಿದರು. ಅವರು ಕಟ್ಟಿದ್ದು ಒಡೆದರೆ ಜವಾಬ್ದಾರಿ ಅವರದು. ನಾವು ಕಟ್ಟಿದ್ದು ಒಡೆದರೆ ಯಾರನ್ನು ಕೇಳುವುದು? ಆದ್ದರಿಂದ ಎರಡು ದಾರಿ. ನಮ್ಮದೇ ಜವಾಬ್ದಾರಿ ಎಂದು ಒಂದು ಕಾಗದಕ್ಕೆ ಸಹಿ ಹಾಕಿದರೆ, ಇದ್ದದ್ದು ಇದ್ದ ಹಾಗೇ ಲಾರಿಗೆ ಏರಿಸಿ ಹನ್ನೊಂದಕ್ಕೆ ಹೊರಡಬಹುದು. ಇಲ್ಲವೆಂದರೆ ಎಲ್ಲ ಗಂಟನ್ನೂ ಬಿಚ್ಚಿ, ಒಂದೊಂದನ್ನೂ ಹೊಸದಾಗಿ ಅವರೇ ಸುತ್ತಿ ಕಟ್ಟಬೇಕು.

ಯಜಮಾನರು ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದರು. ಅವರ ಹದಿನಾಲ್ಕು ಪೆಟ್ಟಿಗೆಯ ಪಟ್ಟಿಗೆ ಬೇರೆಯವರ ಕತ್ತರಿ ತಗುಲುವುದನ್ನು ಅವರು ನೋಡಲಾರರು. ಅತ್ತೆ ಮೂಟೆಗಳ ಮುಂದೆ ಬಂದು ನಿಂತರು. ಎಲ್ಲರೂ ನನ್ನನ್ನು ನೋಡಿದರು. ಸಹಿ ಹಾಕಿದರೆ ನನ್ನ ಕುರ್ಚಿ ಹೋಯಿತು. ನಾನೇ ಕಟ್ಟಿದ ಗಂಟುಗಳ ಹಿಂದೆ, ಏನು ಒಡೆಯುತ್ತದೋ ಎಂದು ಮತ್ತೆ ನಾನೇ ಓಡಬೇಕು. ಇನ್ನೊಂದು ಮನೆ ಬದಲಿಸುವ ಹೊತ್ತಿಗೆ ನನಗೆ ಎಷ್ಟು ವಯಸ್ಸಾಗಿರುತ್ತದೋ.

“ಬಿಚ್ಚಿ,” ಎಂದೆ. “ಎಲ್ಲಾ ಬಿಚ್ಚಿ.”

ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಎದುರು ಮನೆಯ ಬಾಗಿಲು ತೆರೆದು ಆಪಾ ಹೊರಗೆ ಬಂದರು. ವಿಷಯ ತಿಳಿದದ್ದೇ ಒಳಗೆ ಹೋಗಿ, ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಮೆಟ್ಟಿಲ ಬಳಿ, ನಮ್ಮ ತೆರೆದ ಬಾಗಿಲಿಗೆ ಮುಖ ಮಾಡಿ ಇಟ್ಟರು. ಒಂದರಲ್ಲಿ ತಾವು ಕೂತು, ಇನ್ನೊಂದನ್ನು ಕೈಯಿಂದ ತಟ್ಟಿ ತೋರಿಸಿದರು.

ಕೂರುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಮೊದಲ ಗಂಟು ಬಿಚ್ಚಿದರು, ಎದ್ದೆ. ಆಪಾ ಮಣಿಕಟ್ಟು ಹಿಡಿದು ಕೂರಿಸಿದರು. ಸೌಟುಗಳನ್ನು ಸುರಿದರು, ಮತ್ತೆ ಎದ್ದೆ.

“ಕೂತ್ಕೊಳ್ಳಿ ಅಕ್ಕ,” ಎಂದರು ಆಪಾ. “ಪೈಸಾ ಕೊಟ್ಟು ಸಿನಿಮಾಗೆ ಹೋದ್ರೆ ಎದ್ದು ಹೋಗಿ ನಾವೇ ಫೈಟಿಂಗ್ ಮಾಡ್ತೀವಾ?”

ಆಮೇಲೆ ನಗು ಶುರುವಾಯಿತು ನೋಡಿ. ಮಗಳು ಆಪಾ ಮನೆಯ ಅಡುಗೆಮನೆಗೆ ಹೋಗಿ ಟೀ ಮಾಡಿ ತಂದಳು. ಸಕ್ಕರೆ ಹೆಚ್ಚು, ಶುಂಠಿ ಕಮ್ಮಿ. ಅಂಥ ರುಚಿಯಾದ ಟೀಯನ್ನು ನಾನು ಜನ್ಮದಲ್ಲಿ ಕುಡಿದಿಲ್ಲ. ಒಳಗಿಂದ ಮೀಸೆಯವರು ಒಂದೊಂದು ವಸ್ತುವನ್ನೂ ಎತ್ತಿ ಹಿಡಿದು, ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಮಗುವಿನಂತೆ ಸುತ್ತಿ, ಇನ್ನೊಬ್ಬರಿಗೆ ಬರೆಸುತ್ತಿದ್ದರು. ಇಡ್ಲಿ ತಟ್ಟೆ ನಾಲ್ಕು ಸೆಟ್ಟು. ಕಾಯಿ ತುರಿಯುವ ಮಣೆ ಎರಡು. ಪಾತ್ರೆಯಿಲ್ಲದ ಮುಚ್ಚಳ ಏಳು, ಮುಚ್ಚಳವಿಲ್ಲದ ಪಾತ್ರೆ ಐದು. ಯಾವುದಕ್ಕೂ ಯಾವುದೂ ಹೊಂದಲಿಲ್ಲ, ಅವರು ಎಲ್ಲವನ್ನೂ ಪ್ರಯತ್ನಿಸಿ ನೋಡಿದರು. ಖಾಲಿ ಗಾಜಿನ ಬಾಟಲಿ ಇಪ್ಪತ್ತೊಂದು. ಇಷ್ಟು ಬಾಟಲಿ ಯಾಕೆ ಎಂದು ಅವರು ಕೇಳಲಿಲ್ಲ, ನನ್ನ ಕಡೆ ಒಮ್ಮೆ ನೋಡಿದರು ಅಷ್ಟೇ. ಆಪಾ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. ನನ್ನ ಟೀ ಸೀರೆಯ ಮೇಲೆ ಚೆಲ್ಲಿತು, ಅದನ್ನು ತೊಳೆಯಲೂ ಏಳಲಿಲ್ಲ.

ಹತ್ತೊಂಬತ್ತನೆಯ ಗಂಟಿನಿಂದ ನೀಲಿ ಹೂವಿನ ಒಂದು ಸ್ಟೀಲ್ ಡಬ್ಬಿ ಹೊರಬಂತು. ಆಪಾ ನಗು ನಿಲ್ಲಿಸಿ ಮುಂದಕ್ಕೆ ಬಾಗಿದರು.

“ಇದು ನಂದಲ್ವಾ ಅಕ್ಕ?”

ಅವರದ್ದೇ. ನಾಲ್ಕು ವರ್ಷದ ಹಿಂದೆ ರಂಜಾನಿಗೆ ಶೀರ್‌ ಕುರ್ಮಾ ತುಂಬಿ ಕಳಿಸಿದ್ದ ಡಬ್ಬಿ. ನಮ್ಮ ಮಹಡಿಯಲ್ಲಿ ಬಂದ ಡಬ್ಬಿಯನ್ನು ಖಾಲಿ ವಾಪಸು ಕೊಡುವ ಪದ್ಧತಿಯಿಲ್ಲ. ಅಷ್ಟು ಒಳ್ಳೆಯ ತಿಂಡಿ ಬಂದ ಡಬ್ಬಿಗೆ ಸಾಧಾರಣದ್ದನ್ನು ತುಂಬುವುದು ಹೇಗೆ, ಯುಗಾದಿಗೆ ಹೋಳಿಗೆ ಮಾಡಿದಾಗ ಕೊಡೋಣ ಎಂದು ಎತ್ತಿಟ್ಟಿದ್ದೆ. ಆ ಯುಗಾದಿಗೆ ಸೂತಕ ಬಂತು, ಮುಂದಿನದಕ್ಕೆ ಹೋಳಿಗೆ ಹರಿದುಹೋಯಿತು, ಆಮೇಲೆ ಮರೆತೇಹೋಯಿತು. ಆಪಾ ಅದನ್ನು ಕೆಳಗಿನ ಮನೆಯವರು ಇಟ್ಟುಕೊಂಡಿದ್ದಾರೆಂದು ನಂಬಿ ನಾಲ್ಕು ವರ್ಷ ಅವರ ಜೊತೆ ಅರ್ಧ ಮಾತಿನಲ್ಲೇ ಇದ್ದರು. ನಾನು ನಾಚಿಕೆಯಿಂದ ಮುಖ ಮುಚ್ಚಿಕೊಂಡೆ. ಆಪಾ ಮಾತ್ರ ಕೈ ಚಾಚದೆ, ಖಾಲಿ ತೆಗೆದುಕೊಳ್ಳುವುದಿಲ್ಲ ಎಂದು ಗಂಭೀರವಾಗಿ ಹೇಳಿದರು. ಮೀಸೆಯವರು ಆಗಷ್ಟೇ ಬೆಲ್ಲದ ಡಬ್ಬ ಬಿಚ್ಚಿದ್ದರು. ಅದರಿಂದ ಎರಡು ಅಚ್ಚು ಬೆಲ್ಲ ಹಾಕಿ, ಮುಚ್ಚಳ ಒತ್ತಿ, ತಾವೇ ತಂದು ಆಪಾ ಕೈಗೆ ಕೊಟ್ಟರು. ನಾನು ಕೂತೇ ಇದ್ದೆ.

ಆಮೇಲೆ ಅವರು ರೂಮಿಗೆ ಹೋದರು. ಯಜಮಾನರು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಮೀಸೆಯವರು ಒಂದು ಪೆಟ್ಟಿಗೆಯ ಪಟ್ಟಿಯನ್ನು ಬೆರಳಿಂದ ಮೀಟಿದರು. ತಂತಿಯ ಹಾಗೆ ನಾದ ಬಂತು. ಪೆಟ್ಟಿಗೆಯನ್ನು ಮಗುಚಿ ತಳ ನೋಡಿದರು.

“ಇದ್ಯಾರ್ ಸಾಮಿ ಕಟ್ಟಿದ್ದು?”

ನಾನೇ, ಎಂದರು ಯಜಮಾನರು.

“ಇದ್ನ ಬಿಚ್ಚುದ್ರೆ ನಮ್ ಕೈಲಿ ಮತ್ತೆ ಇಂಗೆ ಕಟ್ಟಕಾಗಲ್ಲ. ಇಂಗೇ ಓಗ್ಲಿ ಬಿಡಿ. ನಮ್ದೇ ಅಂತ ಬರ್ಕಂತೀನಿ.”

ಅಷ್ಟು ಸಾಕಾಯಿತು. ಯಜಮಾನರು ಅಂಗಿಯ ತೋಳು ಮಡಿಸಿದರು. ಅಲ್ಲಿಂದ ಸಂಜೆಯವರೆಗೆ ಆ ತಂಡದಲ್ಲಿ ನಾಲ್ಕು ಜನ. ಬೀರುವಿನ ಕೆಳಗೆ ಕಂಬಳಿ ಹೇಗೆ ಹಾಸಬೇಕು, ಫ್ರಿಜ್ಜನ್ನು ಯಾವ ಕೋನದಲ್ಲಿ ತಿರುಗಿಸಬೇಕು ಎಂದು ಮೆಟ್ಟಿಲು ಹತ್ತಿ ಇಳಿದು ಹೇಳುತ್ತಿದ್ದರು. ಮೂವರ್ಸನ್ನು ಕರೆಸಿದರೂ ಮನೆ ಸಾಗಿಸಿದ್ದು ತಾನೇ ಎಂದು ಅವರು ಇಂದಿಗೂ ನಂಬಿದ್ದಾರೆ, ನಾನು ತಿದ್ದಲು ಹೋಗಿಲ್ಲ. ಅತ್ತೆ ತಮ್ಮ ಒಂಬತ್ತು ಮೂಟೆಯಲ್ಲಿ ಎಂಟನ್ನು ಬಿಚ್ಚಲು ಬಿಟ್ಟರು. ಒಂಬತ್ತನೆಯದರಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿಲ್ಲ, ಅದು ಅವರ ತೊಡೆಯ ಮೇಲೇ ಪ್ರಯಾಣ ಮಾಡಿತು. ಅವರ ಮಂಚವನ್ನು ಮಾತ್ರ ಮೀಸೆಯವರು ನಾಲ್ಕು ಭಾಗ ಮಾಡಿ, ಆ ಇಟ್ಟಿಗೆಯನ್ನೂ ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಐದನೆಯ ಭಾಗ ಎಂದು ಬರೆಸಿದರು.

ಕೆಲಸದವರು ತಮ್ಮ ಬುತ್ತಿ ತಾವೇ ತಂದಿದ್ದರು. ಯಾರಿಗೂ ಬಿಸಿಬೇಳೆಬಾತ್ ಬೇಕಿರಲಿಲ್ಲ. ನಮಗೆ ಆಪಾ ಮನೆಯ ಖಿಚಡಿ, ಹುಣಸೆಹಣ್ಣಿನ ಖಟ್ಟಾ. ಅದನ್ನೂ ಕುರ್ಚಿಯಲ್ಲಿ ಕೂತೇ ಉಂಡೆ. ಲಾರಿ ತುಂಬಿದ ಮೇಲೆ ಖಾಲಿ ಮನೆಯನ್ನು ಒಂದು ಸುತ್ತು ಹಾಕಿ ಬಂದಾಗ ಆಪಾ ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತಿದ್ದರು.  ನಾನು ಶೆಟ್ಟಿಹಳ್ಳಿಗೆ ಬಂದಾಗ ಕುರ್ಚಿ ನಿಮ್ಮದು ಹಾಕಬೇಕು ಎಂದರು. ಹಾಕುತ್ತೇನೆ ಎಂದೆ.

ಯಜಮಾನರು ಲಾರಿಯ ಮುಂದಿನ ಸೀಟಿನಲ್ಲಿ, ನಾವು ಮೂವರು ಹೆಂಗಸರು ಆಟೋದಲ್ಲಿ. ಹೆಬ್ಬಾಳದ ಸಿಗ್ನಲ್ಲಿನಲ್ಲಿ ಲಾರಿ ನಮ್ಮ ಪಕ್ಕಕ್ಕೇ ಬಂದು ನಿಂತಿತು. ಯಜಮಾನರು ಕಿಟಕಿಯಿಂದ, ಗುರುತೇ ಇಲ್ಲದವರಂತೆ, ನೇರ ಮುಂದಕ್ಕೆ ನೋಡುತ್ತಿದ್ದರು. ಡ್ಯೂಟಿಯಲ್ಲಿದ್ದಾರೆ ಎಂದಳು ಮಗಳು. ಜಾಲಹಳ್ಳಿ ಬರುವವರೆಗೆ ನಮ್ಮ ನಗು ನಿಲ್ಲಲಿಲ್ಲ. ಆಟೋದವರೂ ಯಾಕೆಂದು ತಿಳಿಯದೆ ನಕ್ಕರು.

ಹೊಸ ಮನೆಯ ಬಾಗಿಲಲ್ಲಿ ಮೀಸೆಯವರು ತಮ್ಮವರನ್ನು ತಡೆದು ನಿಲ್ಲಿಸಿದರು. ದೇವರು, ನೀರು, ಉಪ್ಪು ಒಳಗೆ ಹೋಗುವ ತನಕ ಒಂದು ಪೆಟ್ಟಿಗೆಯೂ ಹೊಸ್ತಿಲು ದಾಟಲಿಲ್ಲ. ಮಗಳು ಹಾಲು ಉಕ್ಕಿಸಿದಳು. ಮುಂದೆ ನನಗೆ ಉಳಿದ ಕೆಲಸವೆಂದರೆ ಬೆರಳು ತೋರಿಸುವುದು. ನಮ್ಮದೇ ಕುರ್ಚಿ ಮೊದಲು ಇಳಿಯಿತು, ಅದನ್ನು ಹಾಲಿನ ನಡುವೆ ಹಾಕಿಸಿಕೊಂಡೆ. ಎಲ್ಲಿ ಇಡುವುದು ಎಂದು ಕೇಳುತ್ತಾರೆ, ಅಲ್ಲಿ ಎಂದು ತೋರಿಸುತ್ತೇನೆ, ಇಡುತ್ತಾರೆ. ಯಾರೂ ಯಾಕೆ ಎನ್ನುವುದಿಲ್ಲ. ಒಂದು ಮಂದಲಿಗೆಯ ಸುರುಳಿಯನ್ನು ಸುಮ್ಮನೆ ಖುಷಿಗೆ ಮೂರು ಕಡೆ ಇಡಿಸಿ ನೋಡಿದೆ. ನಾಲ್ಕನೆಯ ಸಲಕ್ಕೆ ಮಗಳು, ಸಾಕಮ್ಮಾ ಎಂದಳು.

ಆರೂವರೆಗೆ ಕಾಗದಕ್ಕೆ ಸಹಿ ಮಾಡಿಸಿಕೊಂಡು ಅವರು ಹೊರಟರು. ಒಡೆದದ್ದು ಏನೂ ಇರಲಿಲ್ಲ. ಲಾರಿಯ ಸದ್ದು ಮರೆಯಾಗುತ್ತಲೇ ನನ್ನ ಕಾಲು ತಾನಾಗಿ ಅಡುಗೆಮನೆಯ ಕಡೆ ತಿರುಗಿತು. ಅಲ್ಲಿ ಡಬ್ಬಗಳು ಎತ್ತರದ ಕ್ರಮದಲ್ಲಿ ನಿಂತಿದ್ದವು. ಉಪ್ಪಿನ ಪಕ್ಕ ಕಾಫಿಪುಡಿ, ಸಾಸಿವೆಯ ಪಕ್ಕ ರಾಗಿ ಹಿಟ್ಟು. ಸರಿಮಾಡಲು ಕೈ ಎತ್ತಿದೆ. ಹಿಂದಿನಿಂದ ಅತ್ತೆ, ಇಟ್ಟಿಗೆಯ ಮೇಲೆ ಸಮನಾಗಿ ಕೂತ ಮಂಚದಿಂದ, ನೋಡುತ್ತಿದ್ದರು.

“ಇವತ್ತು ಒಂದಿನ ಪೂರ್ತಿ ಕೂತ್ಬಿಡೇ,” ಎಂದರು. “ಅರ್ಧಕ್ಕೆ ಬಿಡ್ಬೇಡ.”

ಕೈ ಇಳಿಸಿದೆ.

ರಾತ್ರಿ ಊಟಕ್ಕೆ ಯಜಮಾನರು ಬೀದಿಯ ಕೊನೆಯ ದರ್ಶಿನಿಯಿಂದ ಸೆಟ್ ದೋಸೆ, ಸಾಗು ತಂದರು. ತಟ್ಟೆಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ ಬಿಚ್ಚುವ ತಾಳ್ಮೆ ಯಾರಿಗೂ ಇರಲಿಲ್ಲ. ಪೊಟ್ಟಣದ ಬಾಳೆಲೆಯ ಚೂರಿನ ಮೇಲೇ ತಿಂದೆವು. ಅತ್ತೆ ಎರಡು, ಯಜಮಾನರು ಐದು, ಮಗಳು ಮೂರು, ನಾನು ನಾಲ್ಕು. ನಮ್ಮ ಮನೆಯಲ್ಲಿ ಮೊದಲು ಮಲಗುವವರು ಅತ್ತೆ, ಆಮೇಲೆ ಯಜಮಾನರು, ಆಮೇಲೆ ಮಗಳು, ಕೊನೆಗೆ ನಾನು. ಅವತ್ತು ಗೋಡೆಗೆ ಒರಗಿ ಕೈ ಕೂಡ ತೊಳೆಯದೆ ಮೊದಲು ಮಲಗಿದವಳು ನಾನು. ಉಳಿದವರು ಯಾವಾಗ ಮಲಗಿದರೋ, ಬಾಗಿಲು ಯಾರು ಹಾಕಿದರೋ ನನಗೆ ಗೊತ್ತಿಲ್ಲ.